ಮನೆಯಲ್ಲಿ ಉಣ್ಣುವವರು ಮೂರು ಜನ

ತುಲಾಯಂತ್ರದ ಹಿತ್ತಾಳೆ ತಟ್ಟೆಗಳೆರಡೂ ಖಾಲಿಯಾಗಿದ್ದವು. ಆದರೂ ಎಡಗಡೆಯ ತಟ್ಟೆ ಮೆಲ್ಲಗೆ ಕೆಳಗಿಳಿದು, ಮೇಜು ಇನ್ನೂ ನಾಲ್ಕು ಬೆರಳು ದೂರವಿರುವಾಗ ನಿಂತಿತು. ಎದುರಿಗೆ ಮಣೆಯ ಮೇಲೆ ಕುಳಿತಿದ್ದ ದಾಕ್ಷಾಯಿಣಿ, ತನ್ನ ಜಾತಕವನ್ನು ಯಾರೋ ಓದುತ್ತಿದ್ದಾರೆ ಎಂಬಂತೆ ಅದನ್ನೇ ನೋಡುತ್ತಿದ್ದಳು. ಅವಳಿಗೆ ಮಾಡಿದ್ದು ಇಷ್ಟೇ: "ತಿಳಿಗೆರೆ" ಎಂಬ ಹೆಸರನ್ನು ಹನ್ನೆರಡು ಸಲ, "ಮಂಡಿಪೇಟೆ" ಎಂಬ ಹೆಸರನ್ನು ಹನ್ನೆರಡು ಸಲ ಅವಳ ಕಿವಿಗೆ ಬೀಳುವಂತೆ ಹೇಳಿದ್ದರು.

"ಮಂಡಿಪೇಟೆ ಬಿಟ್ಟು ತಿಳಿಗೆರೆಗೆ ಹೋಗ್ಬೇಕು ಅನ್ನೋ ಆಸೆ ನಿಮ್ಮಲ್ಲಿ ಇಷ್ಟಿದೆ," ಎಂದರು ಯಂತ್ರದ ಹಿಂದೆ ನಿಂತಿದ್ದ ಡಾ. ಕುಮುದಿನಿ. "ಈಗ ಕಾರಣಗಳನ್ನ ಹೇಳಿ. ಅನುಕೂಲ ಹೇಳಿದ್ರೆ ಬಲಗಡೆ ತಟ್ಟೆ ಇಳಿಯುತ್ತೆ. ಅನಾನುಕೂಲ ಹೇಳಿದ್ರೆ ಏರುತ್ತೆ. ಎರಡೂ ತಟ್ಟೆ ಸಮ ಆದ್ರೆ, ಹೇಳ್ಬೇಕಾದ್ದನ್ನೆಲ್ಲ ಹೇಳಿದೀರಿ ಅಂತ ಅರ್ಥ."

"ಅಡಿಗೆಮನೆಗೆ ಕಿಟಕಿ ಬೇಕು," ಎಂದಳು ದಾಕ್ಷಾಯಿಣಿ. ಬಲದ ತಟ್ಟೆ ಒಂದೂವರೆ ಬೆರಳು ಇಳಿಯಿತು. ಬೇಸಗೆಯಲ್ಲಿ ನೀರು ಮಹಡಿಗೆ ಏರುವುದಿಲ್ಲ, ಇಪ್ಪತ್ತೆರಡು ಮೆಟ್ಟಿಲು ಹೊತ್ತು ಸಾಕಾಗಿದೆ ಎಂದಳು, ಇನ್ನೊಂದು ಬೆರಳು. ಮಗಳಿಗೆ ಓಡಾಡಲು ಜಾಗವಿಲ್ಲ, ಇನ್ನೊಂದು. ಅಕ್ಕನ ಮನೆ ದೂರವಾಗುತ್ತದೆ ಎಂದಾಗ ತಟ್ಟೆ ಸ್ವಲ್ಪ ಮೇಲೆದ್ದಿತು. ಕೊನೆಗೂ ಒಂದು ಬೆರಳಿನ ವ್ಯತ್ಯಾಸ ಉಳಿದೇ ಇತ್ತು. ದಾಕ್ಷಾಯಿಣಿ ಸೆರಗಿನ ತುದಿಯನ್ನು ಹಿಂಡಿ, ತಲೆ ತಗ್ಗಿಸಿ ಹೇಳಿದಳು: "ಎದುರು ಮನೆಯವಳು ಹೋದ ವರ್ಷ ಉಪನಗರಕ್ಕೆ ಹೋದ್ಲು. ನಾನೂ ಹೋದೆ ಅಂತ ಅನ್ನಿಸ್ಕೋಬೇಕು." ತಟ್ಟೆಗಳು ಸಮವಾದವು. ಅವಳು ನಾಚಿಕೊಂಡು ನಕ್ಕಳು, ಕುಮುದಿನಿಯವರೂ ನಕ್ಕರು.

ಈ ಯಂತ್ರ ಯಾಕೆ ಬಂತೆಂದು ಇಲ್ಲಿ ಹೇಳಲೇಬೇಕು. ತುಮಕೂರಿನಿಂದ ಹದಿನಾಲ್ಕು ಕಿಲೋಮೀಟರ್ ಆಚೆ ತಿಳಿಗೆರೆ ಎಂಬ ಉಪನಗರ ಎದ್ದು ಇಪ್ಪತ್ತು ವರ್ಷವಾಗಿತ್ತು. ಒಣಗಿದ್ದ ಕೆರೆಗೆ ನೀರು ತುಂಬಿಸಿ, ಸುತ್ತ ಮರ ಬೆಳೆಸಿ, ಅಗಲವಾದ ರಸ್ತೆ ಮಾಡಿ, ಪ್ರತಿ ಮನೆಗೂ ಬೇವಿನ ನೆರಳು ಬೀಳುವ ಹಾಗೆ ಕಟ್ಟಿದ್ದರು. ಜನ ಬಂದರು. ಒಳ್ಳೆಯ ಗಾಳಿಗೆಂದು ಬಂದೆವು ಎಂದರು, ಗಾಳಿ ಒಳ್ಳೆಯದೇ ಇತ್ತು. ಶಾಂತಿಗೆಂದು ಬಂದೆವು ಎಂದರು, ಶಾಂತಿಯೂ ಬೇಕಾದಷ್ಟಿತ್ತು. ಆದರೂ ಎರಡು ವರ್ಷಕ್ಕೆಲ್ಲ ನೂರಕ್ಕೆ ನಲವತ್ತು ಮನೆಗಳಿಗೆ ಬೀಗ ಬೀಳುತ್ತಿತ್ತು. ಯಾಕೆ ಹೊರಟಿರಿ ಎಂದು ಕೇಳಿದರೆ, "ಏನೋ ಸರಿಹೋಗಲಿಲ್ಲ" ಎನ್ನುತ್ತಿದ್ದರು. ದೂರದ ಬೆಟ್ಟ ನುಣ್ಣಗೆ ಎಂದು ಹೇಳಿ ಸುಮ್ಮನಾಗಬಹುದಿತ್ತು, ಆದರೆ ವಸತಿ ಮಂಡಳಿಯವರಿಗೆ ಗಾದೆಯಿಂದ ಹೊಟ್ಟೆ ತುಂಬಲಿಲ್ಲ.

ಮನುಷ್ಯ ಮನೆ ಬದಲಾಯಿಸುವಾಗ ಬಾಯಲ್ಲಿ ಹೇಳುವ ಕಾರಣ ಒಂದು, ಮೈಯೊಳಗಿನ ಕಾರಣ ಇನ್ನೊಂದು. ಬಾಯಿಯ ಕಾರಣವನ್ನು ನಂಬಿ ಊರು ಕಟ್ಟಿದರೆ ಮೈಯ ಕಾರಣ ಅಲ್ಲಿ ನೆಲೆಸುವುದಿಲ್ಲ. ಡಾ. ಕುಮುದಿನಿ ಕಂಡುಹಿಡಿದ ಸತ್ಯ ಇದು. ನಮ್ಮ ಅಜ್ಜಿಯರಿಗೆ ಮೊದಲೇ ಗೊತ್ತಿತ್ತು, ಅವರ ಬಳಿ ಯಂತ್ರವಿರಲಿಲ್ಲ ಅಷ್ಟೆ. ಕುಮುದಿನಿ ಮಾಡಿದ ನಾಡಿಗ್ರಾಹಿ ಮಣೆಯಲ್ಲಿ ನೂರ ನಲವತ್ತನಾಲ್ಕು ಸಂವೇದಕಗಳಿದ್ದವು. ಇಷ್ಟವಾದ ಮಾತು ಕೇಳಿದಾಗ ಮನುಷ್ಯ ತನಗೇ ತಿಳಿಯದಂತೆ ಎಳ್ಳಿನಷ್ಟು ಮುಂದಕ್ಕೆ ಬಾಗುತ್ತಾನೆ, ಬೇಡವಾದ್ದಕ್ಕೆ ಹಿಂದಕ್ಕೆ ಸರಿಯುತ್ತಾನೆ. ತೊಡೆಯ ನಾಡಿ ಬದಲಾಗುತ್ತದೆ, ಅಂಗೈ ಬೆವರುತ್ತದೆ. ಮಣೆ ಅದನ್ನೆಲ್ಲ ಕೂಡಿಸಿ ತೂಕವಾಗಿ ಮಾಡಿ ತಟ್ಟೆಗೆ ಕಳಿಸುತ್ತಿತ್ತು. ಹಿತ್ತಾಳೆ ತಟ್ಟೆ ಬರೀ ತೋರಿಕೆಗೆ. ಪರದೆಯ ಮೇಲೆ ಅಂಕಿ ಬಂದರೆ ಜನ ವಾದಕ್ಕೆ ಇಳಿಯುತ್ತಿದ್ದರು, ತಟ್ಟೆ ಇಳಿದರೆ ಬಾಯಿ ಮುಚ್ಚುತ್ತಿದ್ದರು.

ಹೇಳಿದ ಕಾರಣಗಳೆಲ್ಲ ಮುಗಿದರೂ ಎಡಗಡೆ ಇನ್ನೂ ಭಾರ ಉಳಿದಿದ್ದರೆ ಅದಕ್ಕೆ ಶೇಷತೂಕ ಎಂದು ಹೆಸರು. ಶೇಷತೂಕವಿಟ್ಟುಕೊಂಡು ಹೋದವರೇ ಬೀಗ ಹಾಕಿ ಹಿಂತಿರುಗುವವರು ಎಂದು ಲೆಕ್ಕ ಸಿಕ್ಕಿತು. ಆದ್ದರಿಂದ ಮಂಡಳಿಯವರು ನಿಯಮ ಮಾಡಿದರು: ಮನೆಯಲ್ಲಿ ಉಣ್ಣುವವರೆಲ್ಲ ಒಟ್ಟಿಗೆ ಬರಬೇಕು, ಒಬ್ಬೊಬ್ಬರೂ ಎಲ್ಲರ ಎದುರಿಗೆ ತೂಗಿಸಿಕೊಳ್ಳಬೇಕು, ಶೇಷತೂಕ ಸೊನ್ನೆಯಾಗದೆ ಬೀಗದಕೈ ಇಲ್ಲ.

ಆ ದಿನ ಬಂದಿದ್ದವರು ನಾಲ್ವರು. ದಾಕ್ಷಾಯಿಣಿ, ಅವಳ ಗಂಡ ಪಂಚಾಕ್ಷರಿ, ಅವರ ಒಂಬತ್ತು ವರ್ಷದ ಮಗಳು ಇಂಚರ. ನಾಲ್ಕನೆಯವನು ಪಂಚಾಕ್ಷರಿಯ ಅಣ್ಣ ಷಡಕ್ಷರಿ. ಪಂಚಾಕ್ಷರಿ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರದ ಉಪನ್ಯಾಸಕ, ನಾಲ್ಕು ಜನ ಕೇಳುವಂತೆ ಮಾತಾಡಬಲ್ಲವನು. ಷಡಕ್ಷರಿ ಅವನಿಗಿಂತ ಹನ್ನೆರಡು ವರ್ಷ ದೊಡ್ಡವನು, ತುಮಕೂರಿನ ಮಂಡಿಪೇಟೆಯಲ್ಲಿ ಬೆಲ್ಲದ ಅಂಗಡಿ ಇಟ್ಟವನು. ಅಂಗಡಿಯ ಮೇಲಿನ ಮಹಡಿಯಲ್ಲಿ ಎಲ್ಲರ ವಾಸ. ಅಪ್ಪ ತೀರಿಕೊಂಡಾಗ ಎಂಟನೆಯ ತರಗತಿಯ ಪುಸ್ತಕ ಮುಚ್ಚಿಟ್ಟು ತಕ್ಕಡಿ ಹಿಡಿದಿದ್ದ; ಮದುವೆಯ ಯೋಚನೆ ಬರುವಷ್ಟರಲ್ಲಿ ತಮ್ಮನ ಓದು ಮುಗಿದು, ತಮ್ಮನ ಮದುವೆಯ ಯೋಚನೆ ಬಂದಿತ್ತು.

ಊರೆಲ್ಲ ಮೊಹರು ಮಾಡಿದ ಪೊಟ್ಟಣದಲ್ಲಿ ಬೆಲ್ಲ ಕೊಳ್ಳುವ ಕಾಲದಲ್ಲೂ ಷಡಕ್ಷರಿಯ ತೂಗುವ ತಕ್ಕಡಿಗೆ ಗಿರಾಕಿಗಳಿದ್ದರು. ಅವನು ಹಳೆಯ ಕ್ರಮದಲ್ಲಿ ಎಣಿಸುತ್ತಿದ್ದ. ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾನೆ. ಆಮೇಲೆ ಎರಡು, ಮೂರು. ತಕ್ಕಡಿ ಸಮವಾದ ಮೇಲೆ ಕೊಸರು ಎಂದು ಒಂದು ಚೂರು ಮೇಲೆ ಹಾಕಿಯೇ ಕೈ ತೆಗೆಯುತ್ತಾನೆ. ಪೊಟ್ಟಣದವನು ಕೊಸರು ಹಾಕುವುದಿಲ್ಲವಲ್ಲ, ಜನ ಅದಕ್ಕೇ ಬರುತ್ತಿದ್ದರು.

ಷಡಕ್ಷರಿಯನ್ನು ಯಾರೂ ಕರೆದಿರಲಿಲ್ಲ. "ಗಾಳೀನ ತೂಗೋ ತಕ್ಕಡಿಯಂತೆ, ನಾನೂ ಒಂದ್ಸಲ ನೋಡ್ಬೇಕು ಕಣೋ ಪಂಚು," ಎಂದು ಅವನೇ ಹೊರಟು ಬಸ್ಸಿನಲ್ಲಿ ಕುಳಿತಿದ್ದ. ಪಂಚಾಕ್ಷರಿಗೆ ಬೇಡ ಎನ್ನಲು ನೆಪ ಸಿಗಲಿಲ್ಲ. ನೆಪಗಳನ್ನೆಲ್ಲ ಅರ್ಜಿ ತುಂಬುವಾಗಲೇ ಖರ್ಚು ಮಾಡಿದ್ದ.

ಅರ್ಜಿಯ ಆರನೆಯ ಪ್ರಶ್ನೆ: ಮನೆಯಲ್ಲಿ ಉಣ್ಣುವವರು ಎಷ್ಟು ಜನ? ಪಂಚಾಕ್ಷರಿ ಮೂರು ಎಂದು ಬರೆದಿದ್ದ. ನಾಲ್ಕು ಜನರ ಮನೆಗೆ ಎರಡು ವರ್ಷ ಕಾಯಬೇಕಂತೆ, ಅಣ್ಣ ಹೇಗೂ ಅಂಗಡಿ ಬಿಟ್ಟು ಬರುವವನಲ್ಲ, ಹೀಗೆ ತನಗೆ ತಾನೇ ಸಮಜಾಯಿಷಿ ಹೇಳಿಕೊಂಡಿದ್ದ. ದಾಕ್ಷಾಯಿಣಿ ಅವನ ಹೆಗಲ ಮೇಲಿಂದ ಅದನ್ನು ಓದಿದ್ದಳು. ಓದಿ, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಒಳಗೆ ಹೋಗಿದ್ದಳು.

ಈಗ ಕುಮುದಿನಿ ಅದನ್ನೇ ಗಟ್ಟಿಯಾಗಿ ಓದಿದರು. "ಮನೆಯಲ್ಲಿ ಉಣ್ಣುವವರು ಮೂರು ಜನ. ಸರಿ. ಹಾಗಾದ್ರೆ ಇವರು?"

ಗೋಡೆಯ ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ಷಡಕ್ಷರಿ ತಟ್ಟೆಗಳನ್ನೇ ನೋಡುತ್ತಿದ್ದ. ಪಂಚಾಕ್ಷರಿ ಗಂಟಲು ಸರಿಮಾಡಿಕೊಂಡು, "ನಮ್ಮ ಅಂಗಡಿಯವರು," ಎಂದ.

ಸುಳ್ಳಲ್ಲ. ಅಂಗಡಿಯವನೇ ಹೌದು. ಆದರೆ ದಾಕ್ಷಾಯಿಣಿ ತಲೆಯೆತ್ತಿ ಗಂಡನನ್ನು ನೋಡಿದಳು, ಇಂಚರ ಅಮ್ಮನನ್ನು ನೋಡಿದಳು. ಷಡಕ್ಷರಿ ಯಾರನ್ನೂ ನೋಡಲಿಲ್ಲ. "ತಕ್ಕಡಿ ಕೆಲಸ ನಂದು ಕಣಮ್ಮ. ಸುಮ್ನೆ ನೋಡಾಣ ಅಂತ ಬಂದೆ," ಎಂದು ನಕ್ಕ.

ಇಂಚರಳ ತೂಕ ಅಮ್ಮನಿಗಿಂತ ಮೊದಲೇ ಸಮವಾಗಿತ್ತು. ಈಗ ಪಂಚಾಕ್ಷರಿ ಮಣೆಯ ಮೇಲೆ ಕುಳಿತ. ಎರಡು ಊರಿನ ಹೆಸರುಗಳನ್ನು ಹನ್ನೆರಡು ಹನ್ನೆರಡು ಸಲ ಹೇಳಿದರು. ಎಡದ ತಟ್ಟೆ ಇಳಿಯುತ್ತ ಇಳಿಯುತ್ತ ಟಣ್ ಎಂದು ಮೇಜಿಗೆ ತಾಗಿತು.

"ಭಾಳ ಆಸೆ ಇದೆ," ಎಂದರು ಕುಮುದಿನಿ. "ಕಾರಣ ಹೇಳಿ."

ಅವನು ಪಾಠ ಮಾಡುವವನಂತೆ ಶುರುಮಾಡಿದ. ಮಂಡಿಪೇಟೆಯಲ್ಲಿ ಲಾರಿಗಳ ಕಾಟ. ಗಾಳಿಯಲ್ಲಿ ಮೆಣಸಿನಕಾಯಿ ಘಾಟು. ಮಗಳಿಗೆ ರಾತ್ರಿ ಕೆಮ್ಮು. ತಿಳಿಗೆರೆಯಲ್ಲಿ ಓದಲು ಬೇರೆ ಕೋಣೆ, ವಾಕಿಂಗಿಗೆ ಕೆರೆ ಏರಿ, ಪಕ್ಕದ ಮನೆಗಳಲ್ಲಿ ಓದಿದ ಜನ. ಪ್ರತಿಯೊಂದಕ್ಕೂ ಬಲದ ತಟ್ಟೆ ಒಂದಿಷ್ಟು ಇಳಿಯಿತು. ಕಾಲೇಜು ದೂರವಾಗುತ್ತದೆ ಎಂದಾಗ ಒಂದಿಷ್ಟು ಏರಿತು. ಎಲ್ಲ ಮುಗಿದಾಗ ಎಡದ ತಟ್ಟೆ ಇನ್ನೂ ಮೇಜಿನ ಹತ್ತಿರವೇ ಇತ್ತು.

"ಅರ್ಧಕ್ಕಿಂತ ಹೆಚ್ಚು ಶೇಷ ಇದೆ," ಎಂದರು ಕುಮುದಿನಿ. "ಇನ್ನೇನೋ ಒಂದಿದೆ. ನೆನಪು ಮಾಡ್ಕೊಳ್ಳಿ."

"ನಮ್ಮನೇಲಿ ಯಾರ ಮೇಲೂ ಬೇಜಾರಿಲ್ಲ ಮೇಡಮ್," ಎಂದ ಪಂಚಾಕ್ಷರಿ. ಯಾರ ಮೇಲಾದರೂ ಬೇಜಾರಿದೆಯೇ ಎಂದು ಅವರು ಕೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದು ಇದಕ್ಕೇ.

ಕುಮುದಿನಿ ಏನೂ ತಿಳಿಯದವರಂತೆ ಮೇಜಿನ ಮೇಲಿದ್ದ ಪಟ್ಟಿ ಎತ್ತಿಕೊಂಡರು. "ನಾನೇ ಕೆಲವು ಹೇಳ್ತೀನಿ. ಕಾರಣ ಯಾರ ಬಾಯಿಂದ ಬಂದ್ರೂ ಪರವಾಗಿಲ್ಲ, ಯಂತ್ರ ತೂಗೋದು ನಿಮ್ಮ ಮೈಯನ್ನ. ಸೊಳ್ಳೆ? ಕಳ್ಳಕಾಕರ ಭಯ? ನೆರೆಯವರ ಜಗಳ? ವಾಸ್ತು?" ತಟ್ಟೆ ಅಲುಗಲಿಲ್ಲ.

"ಈ ಯಂತ್ರ ಕೆಟ್ಟಿರಬಹುದಲ್ವಾ?" ಎಂದು ಪಂಚಾಕ್ಷರಿ ಕೇಳಿದ.

"ಮೊದಲು ನನ್ನನ್ನೇ ಕೂರಿಸ್ಕೊಂಡು ನೋಡಿದ್ದೆ. ನಾನೂ ತಿಳಿಗೆರೆಗೆ ಹೋದವಳೇ."

"ನಿಮ್ಮದು ಎಷ್ಟು ಶೇಷ ಬಂತು?"

ಕುಮುದಿನಿ ಪಟ್ಟಿಯ ಹಾಳೆ ತಿರುಗಿಸಿದರು. "ಹೇಳ್ಕೊಂಡೆ. ಸೊನ್ನೆ ಆಯ್ತು," ಎಂದಷ್ಟೇ ಅಂದರು. "ನಿಮಗೆ ಇವತ್ತು ಬೇಡ ಅನ್ನಿಸಿದ್ರೆ ಎದ್ದು ಹೋಗ್ಬಹುದು. ಆದ್ರೆ ನಿಮ್ಮ ಸರದಿ ಮತ್ತೆ ಬರೋಕೆ ಐದು ವರ್ಷ ಆಗುತ್ತೆ."

ಐದು ವರ್ಷ. ದಾಕ್ಷಾಯಿಣಿಯ ಕಿಟಕಿ, ಇಂಚರಳ ಕೆಮ್ಮು, ತನ್ನ ಓದುವ ಕೋಣೆ ಎಲ್ಲವೂ ಐದು ವರ್ಷ ಮುಂದಕ್ಕೆ ಹೋಗುತ್ತವೆ. ಪಂಚಾಕ್ಷರಿಗೆ ಉಳಿದ ತೂಕ ಏನೆಂದು ಚೆನ್ನಾಗಿ ಗೊತ್ತಿತ್ತು. ಅದನ್ನು ಹೇಳುವುದಕ್ಕಿಂತ ಐದು ವರ್ಷ ಕಾಯುವುದೇ ವಾಸಿ ಎಂದು ಏಳಲು ಹೊರಟ.

"ಕೂತ್ಕೊಳೋ ಪಂಚು," ಎಂದ ಷಡಕ್ಷರಿ.

ಅವನು ಬೆಂಚಿನಿಂದ ಎದ್ದು ಮೇಜಿನ ಹತ್ತಿರ ಬಂದ. ಬಗ್ಗಿ, ಒಂದು ಕಣ್ಣು ಮುಚ್ಚಿ, ಎರಡೂ ತಟ್ಟೆಗಳ ಅಂತರವನ್ನು ಅಂಗಡಿಯಲ್ಲಿ ನೋಡುವ ಹಾಗೆಯೇ ನೋಡಿದ. "ಕಾರಣ ನಾನು ಹೇಳಬಹುದೇನಮ್ಮ? ಯಾರ ಬಾಯಿಂದ ಬಂದ್ರೂ ಆಯ್ತದೆ ಅಂದ್ರಲ್ಲ."

"ಹೇಳಿ," ಎಂದರು ಕುಮುದಿನಿ.

"ಲಾಭ," ಎಂದು ಷಡಕ್ಷರಿ ಎಣಿಸತೊಡಗಿದ. "ನನ್ನ ಬನಿಯನ್ನು. ಬೆಲ್ಲದ ಕರೆ ಹತ್ತಿರ್ತದೆ, ತೂತು ಬಿದ್ದಿರ್ತದೆ. ಇವನ ಕಾಲೇಜಿನವರು ಮನೆಗೆ ಬಂದಾಗ ನಾನು ಅದ್ರಲ್ಲೇ ಓಡಾಡ್ತೀನಿ."

ಬಲದ ತಟ್ಟೆ ಇಳಿಯಿತು. ಪಂಚಾಕ್ಷರಿ ತುಟಿ ಬಿಗಿಹಿಡಿದು ಕುಳಿತ, ಆದರೆ ಮಣೆಗೆ ತುಟಿಯ ಹಂಗಿರಲಿಲ್ಲ.

"ಎರಡು. ಉಣ್ಣೋವಾಗ ತಟ್ಟೆ ಎತ್ತಿ ಸಾರು ಸೊರ್ ಅಂತ ಕುಡೀತೀನಿ. ಬಂದೋರ ಮುಂದೆ ಇವನಿಗೆ ಮುಖ ಎತ್ತಕ್ಕಾಗಲ್ಲ." ತಟ್ಟೆ ಇನ್ನೂ ಇಳಿಯಿತು. "ಮೂರು. ಬೀದೀಲಿ ಹೋಗ್ತಿದ್ರೆ ಪಂಚೂ ಅಂತ ಕೂಗಿ ಕರೀತೀನಿ. ಮೇಷ್ಟ್ರನ್ನ ಅಂಗೆ ಕರೀಬಾರ್ದು, ಏನ್ ಮಾಡಾಣ, ಬಾಯಿಗೆ ಅದೇ ಬತ್ತದೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ಗಿರಾಕಿಗೆ ಬೆಲ್ಲದ ಅಚ್ಚು ಎಣಿಸಿ ಕೊಡುವವನ ದನಿ ಅದು. ಅದನ್ನೇ ಪಂಚಾಕ್ಷರಿಗೆ ತಡೆಯಲಾಗಲಿಲ್ಲ. "ಸಾಕು ಕಣಣ್ಣ," ಎಂದ. ಅಣ್ಣ ಎಂಬ ಮಾತು ಕೇಳಿ ಕುಮುದಿನಿ ಅರ್ಜಿಯ ಕಡೆಗೊಮ್ಮೆ ನೋಡಿದರು.

"ಇನ್ನೊಂದು ಬೆರಳೈತೆ, ತಡಿ," ಎಂದ ಷಡಕ್ಷರಿ. "ನಾಲ್ಕು. ಪಾಪು ಇಸ್ಕೂಲಿನ ಡ್ಯಾನ್ಸಿನ ದಿವ್ಸ ಕಿರೀಟ ಮನೇಲೇ ಮರ್ತು ಹೋಗಿದ್ಲು. ನಾನು ಅಂಗಡಿಯಿಂದ ಹಂಗೇ ಓಡ್ಬಂದು ಕೊಟ್ಟೆ. ಅಲ್ಲೊಬ್ಬರು ಡಾಕ್ಟ್ರು, ಯಾರ್ರೀ ಇವರು ಅಂತ ಇವನ್ನ ಕೇಳಿದ್ರು. ಇವನು, ನಮ್ಮ ಅಂಗಡಿ ಆಳು ಅಂದ. ನಾನು ಗೇಟಿನಾಚೆ ಹೋಗಿರ್ತೀನಿ ಅನ್ಕಂಡಿದ್ದ. ಚಪ್ಪಲಿ ಕಿತ್ತೋಗಿತ್ತು, ಕಂಬದ ಹಿಂದೆ ಸರಿ ಮಾಡ್ಕಂತಾ ನಿಂತಿದ್ದೆ."

ತಟ್ಟೆಗಳು ಒಂದೆರಡು ಸಲ ತೂಗಾಡಿ, ಒಂದೇ ಮಟ್ಟಕ್ಕೆ ಬಂದು ನಿಂತವು.

ಎರಡು ವರ್ಷದಿಂದ ಆ ಮಾತನ್ನು ಪಂಚಾಕ್ಷರಿ ಯಾರೂ ಕೇಳಿಸಿಕೊಂಡಿಲ್ಲವೆಂದು ನಂಬಿ ಬದುಕಿದ್ದ. ಕೇಳಿಸಿಕೊಂಡವನು ಆ ರಾತ್ರಿಯೂ ಪಕ್ಕದಲ್ಲೇ ಕುಳಿತು ಉಂಡಿದ್ದ, ಇಂಚರಳ ಕಿರೀಟ ಎಷ್ಟು ಚೆನ್ನಾಗಿ ಕಂಡಿತೆಂದು ಹೇಳಿದ್ದ. ಪಂಚಾಕ್ಷರಿಗೆ ನಾಚಿಕೆಯಿಂದ ಕಿವಿಗಳು ಸುಟ್ಟವು. ಭೂಮಿ ಬಾಯಿಬಿಡಬಾರದೇ ಎನ್ನುವಂಥ ದೊಡ್ಡ ನಾಚಿಕೆಯಲ್ಲ. ಎದ್ದು ನಿಂತರೆ ಪಂಚೆ ಜಾರಿಬಿಡುತ್ತದೆ ಎಂದು ಗೊತ್ತಿದ್ದೂ ಏಳಲೇಬೇಕಾದವನ ನಾಚಿಕೆ.

"ತೂಕ ಸಮ ಆಗಿದೆ," ಎಂದರು ಕುಮುದಿನಿ, ಯಾರ ಮುಖವನ್ನೂ ನೋಡದೆ.

"ಸಮ ಆದ್ಮೇಲೆ ಕೊಸರು ಹಾಕ್ದೆ ತಕ್ಕಡಿ ಇಳಿಸ್ಬಾರ್ದು ಕಣಮ್ಮ," ಎಂದ ಷಡಕ್ಷರಿ. ತಮ್ಮನ ಕಡೆ ತಿರುಗಿದ. "ಪಾಪುಗೆ ಅಲ್ಲಿ ಗಾಳಿ ಚೆನ್ನಾಗೈತೆ. ಕೆಮ್ಮು ನಿಲ್ತದೆ. ಹೋಗಿ ಬನ್ನಿ." ಬಲದ ತಟ್ಟೆ ಕೂದಲೆಳೆಯಷ್ಟು ಕೆಳಗಿಳಿಯಿತು. ಮೂರು ಸಾವಿರ ಮನೆಯವರನ್ನು ತೂಗಿದ ಯಂತ್ರದಲ್ಲಿ ಬಲದ ತಟ್ಟೆ ಹೆಚ್ಚಾದದ್ದು ಅದೇ ಮೊದಲು ಎಂದು ಕುಮುದಿನಿ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ನಿಯಮದ ಪ್ರಕಾರ ಬೀಗದಕೈ ಸಿಕ್ಕಿತು. ನಿಜ ಹೊರಬಿದ್ದ ಮೇಲೆ ಪಂಚಾಕ್ಷರಿ ಅದನ್ನು ಅಲ್ಲೇ ಮೇಜಿನ ಮೇಲಿಟ್ಟು ಎದ್ದುಬಂದ ಎಂದು ಬರೆಯಲು ನನಗೂ ಇಷ್ಟವೇ. ಹಾಗಾಗಲಿಲ್ಲ. ಬೀಗದಕೈ ಇಸಿದುಕೊಂಡ, ಸಹಿ ಹಾಕಿದ. ಆರನೆಯ ಪ್ರಶ್ನೆಯ ಉತ್ತರ ತಿದ್ದಬೇಕೇ ಎಂದು ಕುಮುದಿನಿ ಕೇಳಿದಾಗ, ಅವನು ಬಾಯಿ ತೆರೆಯುವ ಮೊದಲೇ ಷಡಕ್ಷರಿ, "ಮೂರೇ ಇರ್ಲಿ ಕಣಮ್ಮ. ನಾನು ಅಂಗಡಿ ಬಿಟ್ಟು ಬರಲ್ಲ," ಎಂದ. ಪಂಚಾಕ್ಷರಿಗೆ ಒಳಗೊಳಗೇ ಹಗುರವಾಯಿತು. ಆ ಹಗುರಕ್ಕೂ ಅವನಿಗೆ ನಾಚಿಕೆಯಾಯಿತು. ಹಿಂತಿರುಗುವಾಗ ಬಸ್ಸಿನಲ್ಲಿ ಅಣ್ಣನ ಪಕ್ಕ ಕುಳಿತು ಏನೋ ಹೇಳಲು ಎರಡು ಸಲ ಪ್ರಯತ್ನಿಸಿದ. "ತೂಕ ಸರಿ ಬಂತಲ್ಲ, ಬಿಡು," ಎಂದ ಷಡಕ್ಷರಿ, ಮತ್ತು ಕಿಟಕಿಯಾಚೆ ಕಾಣುವುದನ್ನೆಲ್ಲ ಇಂಚರಳಿಗೆ ತೋರಿಸುತ್ತ ಬಂದ.

ತಿಳಿಗೆರೆ ಹೇಳಿದಂತೆಯೇ ಇತ್ತು. ದಾಕ್ಷಾಯಿಣಿಯ ಅಡಿಗೆಮನೆಗೆ ಒಂದಲ್ಲ, ಎರಡು ಕಿಟಕಿ. ಇಂಚರಳ ಕೆಮ್ಮು ಎರಡು ತಿಂಗಳಲ್ಲಿ ನಿಂತಿತು. ಪಂಚಾಕ್ಷರಿಯ ಓದುವ ಕೋಣೆಗೆ ಕೆರೆಯ ಬೆಳಕು ಬೀಳುತ್ತಿತ್ತು. ಓದಲು ಕುಳಿತರೆ ನಿದ್ದೆ ಬರುತ್ತಿತ್ತು, ಅದು ಬೇರೆ ಮಾತು. ತಿಂಗಳ ಎರಡನೆಯ ಭಾನುವಾರ ಷಡಕ್ಷರಿ ಬರುತ್ತಿದ್ದ. ಬರುವಾಗ ಇಸ್ತ್ರಿ ಮಾಡಿದ ತುಂಬುತೋಳಿನ ಬಿಳಿ ಅಂಗಿ, ಕತ್ತಿನ ಗುಂಡಿಯೂ ಹಾಕಿರುತ್ತಿತ್ತು. ಅಂಥ ಅಂಗಿ ಅವನ ಬಳಿ ಮೊದಲು ಇರಲಿಲ್ಲ. ಊಟಕ್ಕೆ ಕರೆದರೆ, "ಉಂಡ್ಕಂಡೇ ಬಂದಿದೀನಿ," ಎನ್ನುತ್ತಿದ್ದ. ಬೆಲ್ಲದ ಗಂಟು ಕೊಟ್ಟು, ಇಂಚರಳ ಜೊತೆ ಒಂದು ಗಂಟೆ ಕೂತು, ಸಂಜೆಯ ಬಸ್ಸಿಗೆ ಹೊರಟುಬಿಡುತ್ತಿದ್ದ. ತಮ್ಮನನ್ನು ಅಲ್ಲಿ ಪಂಚು ಎಂದು ಒಮ್ಮೆಯೂ ಕರೆಯಲಿಲ್ಲ.

ಒಂದು ವರ್ಷದ ಮೇಲೆ ಅಂಥದೇ ಒಂದು ಭಾನುವಾರ ಡಾ. ಕುಮುದಿನಿ ಮರುಪರಿಶೀಲನೆಗೆಂದು ಪಂಚಾಕ್ಷರಿಯ ಬೀದಿಗೆ ಬಂದರು. ಅವರ ಮುಖದಲ್ಲಿ ಗೆಲುವಿತ್ತು. ಯಂತ್ರ ಬಂದ ಮೇಲೆ ಬೀಗ ಬೀಳುವ ಮನೆಗಳು ನೂರಕ್ಕೆ ನಲವತ್ತರಿಂದ ಮೂರಕ್ಕೆ ಇಳಿದಿದ್ದವು. "ಹೇಳ್ಕೊಂಡ ಕಾರಣ ಮತ್ತೆ ಕಾಡಲ್ಲ ನೋಡಿ," ಎಂದರು ಪಂಚಾಕ್ಷರಿಗೆ. ಅವನು, ಬನ್ನಿ, ಉದ್ಯಾನ ನೋಡುವಿರಂತೆ ಎಂದು ಕರೆದುಕೊಂಡು ಹೋದ.

ಉದ್ಯಾನದಲ್ಲಿ ಏಳೆಂಟು ಮಕ್ಕಳು ಏರಿಳಿಯುವ ಹಲಗೆಯ ಸುತ್ತ ಸೇರಿದ್ದರು. ಹಲಗೆಯ ಒಂದು ತುದಿಯಲ್ಲಿ ಒಬ್ಬ ದಪ್ಪ ಹುಡುಗ ಕುಳಿತಿದ್ದ, ಇನ್ನೊಂದು ತುದಿ ಆಕಾಶ ನೋಡುತ್ತಿತ್ತು. ಇಂಚರ ನಡುವೆ ನಿಂತು ಕೇಳುತ್ತಿದ್ದಳು: "ಹೇಳು, ನೀವು ಯಾಕೆ ಬಂದ್ರಿ?"

"ಒಳ್ಳೆ ಗಾಳಿಗೆ."

"ಲಾಭ," ಎಂದಳು ಇಂಚರ. ಒಂದು ಪುಟ್ಟ ಹುಡುಗಿ ಮೇಲಿನ ತುದಿಗೆ ಹತ್ತಿದಳು. ಹಲಗೆ ಅಲುಗಲಿಲ್ಲ. "ಶೇಷ ಇದೆ. ಇನ್ನೂ ಹೇಳು."

"ನಮ್ಮಜ್ಜಿ ಹಾಸಿಗೇಲಿ ಉಚ್ಚೆ ಮಾಡ್ಕೊತಿದ್ರು," ಎಂದ ಹುಡುಗ. "ಎರಡು," ಎಂದಳು ಇಂಚರ, ಇನ್ನೊಬ್ಬಳು ಹತ್ತಿದಳು. ಹಲಗೆ ಸಮವಾಯಿತು, ಎಲ್ಲರೂ ಚಪ್ಪಾಳೆ ತಟ್ಟಿ ಮನೆ ಸಿಕ್ತು, ಮನೆ ಸಿಕ್ತು ಎಂದು ಕುಣಿದರು. ಮುಂದಿನ ಹುಡುಗಿ ಕುಳಿತು, ಕೇಳುವ ಮೊದಲೇ, "ನಮ್ಮತ್ತೇನ ಗಂಡ ಬಿಟ್ಟೋಗಿದ್ದ. ದಿನಾ ನಮ್ಮನೇಗೇ ಬರ್ತಿದ್ರು," ಎಂದಳು. ಅವಳಿಗೆ ಒಂದೇ ಸಲಕ್ಕೆ ಮನೆ ಸಿಕ್ಕಿತು.

ಡಾ. ಕುಮುದಿನಿಯವರ ಮುಖದ ಗೆಲುವು ಇಳಿಯುವುದನ್ನು ಪಂಚಾಕ್ಷರಿ ನೋಡಿದ. ಮನೆಯಲ್ಲಿ ಉಣ್ಣುವವರೆಲ್ಲ ಇರಬೇಕೆಂದು ಅವರೇ ಬರೆದ ನಿಯಮ. ಉಣ್ಣುವವರಲ್ಲಿ ಮಕ್ಕಳೂ ಇರುತ್ತಾರೆ, ಮಕ್ಕಳಿಗೆ ಕಿವಿ ಇರುತ್ತದೆ ಎಂಬುದು ನೂರ ನಲವತ್ತನಾಲ್ಕು ಸಂವೇದಕ ಜೋಡಿಸಿದವರಿಗೆ ಹೊಳೆದಿರಲಿಲ್ಲ.

"ನನ್ನ ಮಗನೂ ಇಲ್ಲಿ ಆಡೋಕೆ ಬರ್ತಾನೆ," ಎಂದರು ಅವರು ಮೆಲ್ಲಗೆ. "ಏನು ಹೇಳಿರ್ತಾನೋ."

ಅಷ್ಟರಲ್ಲಿ ರಸ್ತೆಯಾಚೆ ಬಸ್ಸು ನಿಂತಿತು. ಬಿಳಿ ಅಂಗಿಯ ಷಡಕ್ಷರಿ ಇಳಿದು, ಕೈಚೀಲ ಹಿಡಿದು ನಿಲ್ದಾಣದ ಕಲ್ಲುಬೆಂಚಿನ ಕಡೆ ನಡೆದ. ದಪ್ಪ ಹುಡುಗ ಇಂಚರಳನ್ನು ಕೇಳಿದ: "ಅದ್ಯಾರೇ, ನಿಮ್ಮನೇಗೆ ಬರ್ತಾರಲ್ಲ?"

"ನಮ್ಮ ಅಂಗಡಿ ಆಳು," ಎಂದಳು ಇಂಚರ. ಅಪ್ಪ ಅಲ್ಲೇ ನಿಂತದ್ದು ಆಗ ಅವಳಿಗೆ ಕಂಡಿತು. ಸರಿಯಾದ ಉತ್ತರ ಕೊಟ್ಟೆನೋ ಎಂದು ಮೇಷ್ಟ್ರನ್ನು ಕೇಳುವಂತೆ ಅವನನ್ನು ಕೇಳಿದಳು: "ಹೊರಗಿನವರಿಗೆ ಹಾಗೇ ಹೇಳ್ಬೇಕು ಅಲ್ವಾಪ್ಪ?"

ಇಷ್ಟು ದಿನದ ನಾಚಿಕೆ ತನ್ನೊಬ್ಬನದು, ತನ್ನೊಂದಿಗೇ ಹೋಗುತ್ತದೆ ಎಂದು ಪಂಚಾಕ್ಷರಿ ಅಂದುಕೊಂಡಿದ್ದ. ಅದನ್ನು ತಾನು ಮಗಳಿಗೆ ಕಲಿಸಿಯೂ ಆಗಿತ್ತು.

"ಅವರು ನನ್ನ ಅಣ್ಣ," ಎಂದ, ಮಕ್ಕಳಿಗೆಲ್ಲ ಕೇಳುವಂತೆ. "ನಿನ್ನ ದೊಡ್ಡಪ್ಪ. ಆವತ್ತು ನಾನು ಹೇಳಿದ್ದು ತಪ್ಪು." ಮಕ್ಕಳು ಅವನನ್ನು ಕ್ಷಣಹೊತ್ತು ನೋಡಿ, ಮುಂದಿನ ಸರದಿ ಯಾರದೆಂದು ಜಗಳಕ್ಕೆ ಬಿದ್ದರು.

"ಕರ್ಕೊಂಡು ಬರೋಣ ಬಾ," ಎಂದು ಪಂಚಾಕ್ಷರಿ ಮಗಳ ಕೈ ಹಿಡಿದ.

"ಈಗ ಬೇಡ. ಅವರು ಬುತ್ತಿ ತಿಂದ್ಮೇಲೆ ಬರ್ತಾರೆ," ಎಂದಳು ಇಂಚರ. "ಪ್ರತಿ ಸಲ ಅಲ್ಲೇ ತಿನ್ನೋದು. ಯಾಕೆ ಅಂತ ಕೇಳಿದ್ದಕ್ಕೆ, ನಿಮ್ಮನೇಲಿ ಉಣ್ಣೋರು ಮೂರೇ ಜನ ಅಂತ ನಿಮ್ಮಪ್ಪ ಬರ್ದು ಕೊಟ್ಟವ್ನೆ, ನಾನು ಉಂಡ್ರೆ ಲೆಕ್ಕ ತಪ್ತದೆ, ಅವನಿಗೆ ತೊಂದ್ರೆ ಆಯ್ತದೆ ಅಂದ್ರು."

ಒಂದು ವರ್ಷದಲ್ಲಿ ಹನ್ನೆರಡು ಭಾನುವಾರ. ತೂಕದಲ್ಲಿ ಎಂದೂ ಮೋಸ ಮಾಡದವನು ತಮ್ಮನ ಸುಳ್ಳು ಲೆಕ್ಕ ಸುಳ್ಳಾಗದ ಹಾಗೆ ಕಲ್ಲುಬೆಂಚಿನ ಮೇಲೆ ಕುಳಿತು ರೊಟ್ಟಿ ತಿಂದಿದ್ದ. ಪಂಚಾಕ್ಷರಿ ಕುಮುದಿನಿಯವರ ಕೈಯಲ್ಲಿದ್ದ ಮರುಪರಿಶೀಲನೆಯ ಹಾಳೆಯನ್ನು ಬಹುತೇಕ ಕಿತ್ತುಕೊಂಡು, ಆರನೆಯ ಪ್ರಶ್ನೆ ಹುಡುಕಿ, ನಾಲ್ಕು ಎಂದು ಬರೆದ.

"ಹೀಗೆ ಬರೆದ್ರೆ ನಿಯಮದ ಪ್ರಕಾರ ಮತ್ತೆ ತೂಗ್ಬೇಕಾಗುತ್ತೆ," ಎಂದರು ಅವರು.

"ತೂಗಿ," ಎಂದು ಹೇಳಿ ಅವನು ರಸ್ತೆ ದಾಟಿದ.

ಷಡಕ್ಷರಿ ಬುತ್ತಿಯ ಬಟ್ಟೆಯ ಗಂಟು ಬಿಚ್ಚುತ್ತಿದ್ದ. ತಮ್ಮನನ್ನು ಕಂಡು ಗಡಿಬಿಡಿಯಿಂದ ಮತ್ತೆ ಕಟ್ಟತೊಡಗಿದ. "ಉಂಡ್ಕಂಡೇ ಬಂದೆ," ಎಂದ. ಪಂಚಾಕ್ಷರಿ ಅವನ ಕೈಯಿಂದ ಬುತ್ತಿ ತೆಗೆದುಕೊಂಡ. "ಲೆಕ್ಕ ತಿದ್ದಿದೀನಿ. ನಾಲ್ಕು ಅಂತ ಬರೆದಿದೀನಿ. ಬಾರಣ್ಣ, ಮನೇಲಿ ಉಣ್ಣು," ಎಂದ. ಷಡಕ್ಷರಿ ಅವನ ಮುಖ ನೋಡಿ, "ಆಯ್ತು, ನಡಿ," ಎಂದು ಎದ್ದ.

ದಾಕ್ಷಾಯಿಣಿ ಏನೂ ಕೇಳದೆ ನಾಲ್ಕು ತಟ್ಟೆ ಹಾಕಿದಳು. ಮುದ್ದೆ, ಅವರೆಕಾಳಿನ ಸಾರು; ಷಡಕ್ಷರಿಯ ಬುತ್ತಿಯ ರೊಟ್ಟಿಯನ್ನೂ ಮುರಿದು ನಾಲ್ಕು ತಟ್ಟೆಗೆ ಹಂಚಿದಳು. ಕಿಟಕಿಯಿಂದ ಗಾಳಿ ಚೆನ್ನಾಗಿ ಬರುತ್ತಿತ್ತು. ಷಡಕ್ಷರಿ ಕತ್ತಿನ ಗುಂಡಿ ಬಿಚ್ಚದೆ ಕುಳಿತು, ತುತ್ತು ಚಿಕ್ಕದಾಗಿ ಮುರಿದು, ಸಾರಿನಲ್ಲಿ ಅದ್ದಿ ನುಂಗಿದ. "ಚೆನ್ನಾಗೈತೆ ಕಣಮ್ಮ," ಎಂದ. ಬಡಿಸಿದ್ದೆಲ್ಲ ಉಂಡ. ಕೊನೆಗೆ ತಟ್ಟೆಯಲ್ಲಿ ಒಂದಿಷ್ಟು ಸಾರು ಉಳಿಯಿತು.

ಪಂಚಾಕ್ಷರಿ ಉಣ್ಣುವುದನ್ನು ನಿಲ್ಲಿಸಿ ಕಾದು ಕುಳಿತ. ಈಗ ಅಣ್ಣ ತಟ್ಟೆ ಎತ್ತುತ್ತಾನೆ, ಈಗ ಆ ಸದ್ದು ಬರುತ್ತದೆ ಎಂದು ಕಿವಿಗೊಟ್ಟ. ಷಡಕ್ಷರಿ ಕೈಚೀಲದಿಂದ ಒಂದು ಚಮಚ ತೆಗೆದ. ಉಳಿದ ಸಾರನ್ನು ಒಂದೊಂದೇ ಚಮಚ ಎತ್ತಿ, ಬಾಯಿ ಮುಚ್ಚಿ, ಸದ್ದಿಲ್ಲದೆ ಕುಡಿದ.